ಯಾವ ರೂಪಾಯಿ ಎಂದು ಕೇಳೋಣ



ಕಾಶಿ ಯಾತ್ರೆಗೆ ಹೋದವರಲ್ಲಿ ಕೆಲವರು ಹಾಗೇ ನೇಪಾಳಕ್ಕೂ ಹೋಗಿ ಬರುತ್ತಾರೆ. ಕಠ್ಮಂಡುವಿನಲ್ಲಿ ಪಶುಪತಿನಾಥನ ದರ್ಶನ ಮಾಡುತ್ತಾರೆ. ಆ ಗುಡಿಯಲ್ಲಿ ಪೂಜೆ ಮಾಡುವ ಭಟ್ಟರು ನಮ್ಮ ಕರ್ನಾಟಕದ ಕಡೆಯಿಂದ ಹೋದವರು. ಆದರೂ ನೇಪಾಳ ಬೇರೆ ದೇಶ. ಅಲ್ಲಿನ ದುಡ್ಡು ಬೇರೆ.

ಅಲ್ಲಿನ ದುಡ್ಡಿಗೂ ರೂಪಾಯಿ ಅಂತಲೇ ಹೆಸರು. ಹೆಸರು ಒಂದೇ, ಬೆಲೆ ಬೇರೆ. ನಾವು ಮೋಸ ಹೋಗೋದು ಇಲ್ಲೇ.

ಲೆಕ್ಕ ಹೀಗಿದೆ

ನಮ್ಮ 100 ರೂಪಾಯಿ ಅಂದರೆ ನೇಪಾಳದ 160 ರೂಪಾಯಿ. 1993ರಿಂದ ಈ ಲೆಕ್ಕ ಬದಲಾಗಿಲ್ಲ.

ನಮ್ಮ 10 = ಅವರ 16
ನಮ್ಮ 100 = ಅವರ 160
ನಮ್ಮ 500 = ಅವರ 800
ನಮ್ಮ 1000 = ಅವರ 1600

ನೇಪಾಳದ ಅನೇಕ ಅಂಗಡಿಗಳಲ್ಲಿ ನಮ್ಮ ನೋಟನ್ನೂ ತೆಗೆದುಕೊಳ್ಳುತ್ತಾರೆ. ನಮ್ಮ ರೂಪಾಯಿಗೆ ಅಲ್ಲಿ ಐಸಿ ಅನ್ನುತ್ತಾರೆ. ಅವರ ರೂಪಾಯಿಗೆ ಎನ್‌ಸಿ ಅನ್ನುತ್ತಾರೆ. ಬೆಲೆ ಹೇಳಿದ ಕೂಡಲೇ ನಾವು ಕೇಳಬೇಕು, "ಐಸಿಯೋ, ಎನ್‌ಸಿಯೋ?"

ಒಂದು ರುದ್ರಾಕ್ಷಿ ಮಾಲೆಗೆ 800 ಅಂದರು ಅನ್ನಿ. ಅದು ಎನ್‌ಸಿ. ನಮ್ಮ ದುಡ್ಡಿನಲ್ಲಿ 500 ಕೊಟ್ಟರೆ ಸಾಕು. ಕೇಳದೆ ನಮ್ಮ 800 ಕೊಟ್ಟರೆ 300 ರೂಪಾಯಿ ಹೋಯಿತು. ಅದು ಬಿಸಿಲಲ್ಲಿ ಬೆವರು ಸುರಿಸಿ ದುಡಿದ ದುಡ್ಡು ಅಲ್ಲವೇ?

ಚಿಲ್ಲರೆಯನ್ನೂ ಎಣಿಸಬೇಕು. ಚಹಾಕ್ಕೆ 40 ಎನ್‌ಸಿ ಆಯಿತು. ನಮ್ಮ 100ರ ನೋಟು ಕೊಟ್ಟೆವು. ಅವರ ದುಡ್ಡಿನಲ್ಲಿ 120 ವಾಪಸು ಬರಬೇಕು. 60 ಮಾತ್ರ ಕೊಟ್ಟರೆ ಸುಮ್ಮನೆ ಬರಬಾರದು. ನಿಂತು ಕೇಳಬೇಕು.

ನೋಟು ಗುರುತಿಸೋಣ

ನೇಪಾಳದ ನೋಟಿನ ಒಂದು ಬದಿಯಲ್ಲಿ ಎವರೆಸ್ಟ್ ಪರ್ವತ ಇದೆ. ಆ ಬದಿಯಲ್ಲಿ ಅಂಕಿ ನಾಗರಿ ಲಿಪಿಯಲ್ಲಿದೆ. ತಿರುಗಿಸಿ ನೋಡಿ. ಪ್ರಾಣಿಯ ಚಿತ್ರ ಇರುತ್ತದೆ. ಆ ಬದಿಯಲ್ಲಿ ನಾವು ಕಲಿತ 1, 2, 3 ಅಂಕಿಗಳೇ ಇರುತ್ತವೆ. 100ರ ನೋಟಿನಲ್ಲಿ ಘೇಂಡಾಮೃಗ. 500ರಲ್ಲಿ ಹುಲಿ. 1000ದಲ್ಲಿ ಆನೆ.

ಹೊರಡುವ ಮುಂಚೆ

2018ರಲ್ಲಿ ನೇಪಾಳ ಸರ್ಕಾರ 100ಕ್ಕಿಂತ ದೊಡ್ಡ ನಮ್ಮ ನೋಟುಗಳು ಅಲ್ಲಿ ನಡೆಯವು ಎಂದು ಹೇಳಿತು. ಇಂಥ ನಿಯಮ ಆಗಾಗ ಬದಲಾಗುತ್ತದೆ. ಆದ್ದರಿಂದ ಬ್ಯಾಂಕಿನಲ್ಲಿ ವಿಚಾರಿಸಿಯೇ ಹೊರಡೋಣ. 100ರ ನೋಟುಗಳನ್ನೇ ಹೆಚ್ಚು ಇಟ್ಟುಕೊಳ್ಳುವುದು ಕ್ಷೇಮ.

ಎರಡು ಚಿಕ್ಕ ಚೀಲ ಹೊಲಿದುಕೊಳ್ಳೋಣ. ಒಂದರಲ್ಲಿ ನಮ್ಮ ದುಡ್ಡು, ಇನ್ನೊಂದರಲ್ಲಿ ಅವರ ದುಡ್ಡು. ಎರಡನ್ನೂ ಬೆರೆಸಬಾರದು.

ದುಡ್ಡು ಬದಲಾಯಿಸುವಾಗ ಕಮಿಷನ್ ಎಷ್ಟು ಎಂದು ಮೊದಲೇ ಕೇಳಬೇಕು. ಕೈಗೆ ಬಂದದ್ದನ್ನು ಅಲ್ಲೇ ಎಣಿಸಬೇಕು.

2024ರಿಂದ ನೇಪಾಳದ ಹಲವು ಅಂಗಡಿಗಳಲ್ಲಿ ನಮ್ಮ ಫೋನಿನ ಯುಪಿಐ ಕೂಡ ನಡೆಯುತ್ತದೆ. ಎಲ್ಲ ಕಡೆ ನಡೆಯುವುದಿಲ್ಲ. ಕೈಯಲ್ಲಿ ನೋಟೂ ಇರಲಿ. ಪಿನ್ ಒತ್ತುವ ಮೊದಲು ಎಷ್ಟು ರೂಪಾಯಿ ಹೋಗುತ್ತದೆ ಎಂದು ಓದಿ ನೋಡೋಣ. ಪಿನ್ ಯಾರಿಗೂ ಹೇಳಬಾರದು.

ವಾಪಸು ಬರುವಾಗ ಉಳಿದ ನೇಪಾಳಿ ನೋಟನ್ನು ಗಡಿಯಲ್ಲೇ ಬದಲಾಯಿಸಿಕೊಳ್ಳಬೇಕು. ಸುನೌಲಿ, ರಕ್ಸೌಲ್ ಇಂಥ ಗಡಿ ಊರುಗಳು. ಅಲ್ಲಿ ಬಿಟ್ಟರೆ ನಮ್ಮೂರ ಅಂಗಡಿಯಲ್ಲಿ ಆ ನೋಟು ನಡೆಯದು.

ಗುಂಪಿನಲ್ಲಿ ಹೋದಾಗ "ನಿಮಗೇಕೆ ಲೆಕ್ಕ, ನಾವು ನೋಡ್ಕೋತೀವಿ" ಅನ್ನುವವರು ಇರುತ್ತಾರೆ. ನೋಡಿಕೊಳ್ಳಲಿ, ಬೇಡ ಅನ್ನಬೇಕಿಲ್ಲ. ಆದರೆ ದುಡ್ಡು ನಮ್ಮದು. ಲೆಕ್ಕ ನಮಗೂ ಗೊತ್ತಿರಬೇಕು. ಕೇಳುವುದರಲ್ಲಿ ನಾಚಿಕೆ ಇಲ್ಲ.

ಲೆಕ್ಕ ಮಾಡೋಣ

ಒಂದು ಶಾಲಿನ ಬೆಲೆ 640 ಎನ್‌ಸಿ. ನಮ್ಮ ದುಡ್ಡಿನಲ್ಲಿ ಎಷ್ಟು ಕೊಡಬೇಕು?

640ರಲ್ಲಿ 160 ನಾಲ್ಕು ಸಲ ಇದೆ. ಆದ್ದರಿಂದ ನಮ್ಮ 100ರ ನೋಟು ನಾಲ್ಕು. ಅಂದರೆ 400 ರೂಪಾಯಿ.