ಮೈಯೊಳಗನ್ನು ತೋರುವ ಕಾಣದ ಬೆಳಕು

ಕತ್ತಲೆಯಲ್ಲಿ ಟಾರ್ಚನ್ನು ಅಂಗೈಯಿಂದ ಮುಚ್ಚಿದಾಗ ಬೆರಳುಗಳು ಕೆಂಪಗೆ ಬೆಳಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಬಿಳಿಯ ಬೆಳಕಿನಲ್ಲಿರುವ ನೀಲಿ, ಹಸಿರು ಬಣ್ಣಗಳನ್ನು ರಕ್ತವು ಹೀರಿಕೊಳ್ಳುತ್ತದೆ. ಕೆಂಪು ಮಾತ್ರ ಮಾಂಸವನ್ನು ಹಾದು ಹೊರಬರುತ್ತದೆ. ಆ ಕೆಂಪಿನ ಆಚೆಗೆ ಕಣ್ಣಿಗೆ ಕಾಣದ ಇನ್ನೊಂದು ಬೆಳಕಿದೆ. ಅದೇ ಅವಗೆಂಪು ಕಿರಣ, ಅಂದರೆ ಇನ್ಫ್ರಾರೆಡ್.

ಸುಮಾರು 650ರಿಂದ 950 ನ್ಯಾನೋಮೀಟರ್ ತರಂಗಾಂತರದ ಬೆಳಕಿಗೆ ನಮ್ಮ ದೇಹವು ಕಿಟಕಿ ತೆರೆದಂತೆ ಇರುತ್ತದೆ. ಇದಕ್ಕಿಂತ ಕಡಿಮೆಯಾದರೆ ರಕ್ತವು ಬೆಳಕನ್ನು ಹೀರುತ್ತದೆ, ಹೆಚ್ಚಾದರೆ ದೇಹದಲ್ಲಿರುವ ನೀರು ಹೀರುತ್ತದೆ. ಕ್ಷ-ಕಿರಣದಲ್ಲಿರುವ ವಿಕಿರಣದ ಅಪಾಯ ಇದರಲ್ಲಿಲ್ಲ. 1977ರಲ್ಲಿ ಅಮೆರಿಕದ ವಿಜ್ಞಾನಿ ಫ್ರಾನ್ಸ್ ಯಾಬ್ಸಿಸ್ ಅವರು, ಈ ಬೆಳಕು ತಲೆಬುರುಡೆಯನ್ನೂ ದಾಟಿ ಮಿದುಳಿನ ಆಮ್ಲಜನಕದ ಸುಳಿವನ್ನು ನೀಡಬಲ್ಲದೆಂದು ತೋರಿಸಿಕೊಟ್ಟರು.

ನರ ಹುಡುಕುವ ಸಾಧನ

ಹಸುಗೂಸುಗಳಿಗೆ, ಸ್ಥೂಲಕಾಯದವರಿಗೆ, ದೀರ್ಘಕಾಲ ಚಿಕಿತ್ಸೆಯಲ್ಲಿರುವವರಿಗೆ ಸೂಜಿ ಹಾಕುವಾಗ 'ನರ ಸಿಗುತ್ತಿಲ್ಲ' ಎಂಬ ಮಾತನ್ನು ಆಸ್ಪತ್ರೆಗಳಲ್ಲಿ ಕೇಳುತ್ತೇವೆ. ಅಲ್ಲಿ ಈ ಬೆಳಕು ನೆರವಾಗುತ್ತದೆ. ರಕ್ತನಾಳದೊಳಗಿನ ರಕ್ತವು ಅವಗೆಂಪನ್ನು ಸುತ್ತಲಿನ ಮಾಂಸಕ್ಕಿಂತ ಹೆಚ್ಚು ಹೀರುವುದರಿಂದ ಕ್ಯಾಮೆರಾದಲ್ಲಿ ನಾಳಗಳು ಕಪ್ಪು ಗೆರೆಗಳಾಗಿ ಮೂಡುತ್ತವೆ. ಸಾಮಾನ್ಯ ಡಿಜಿಟಲ್ ಕ್ಯಾಮೆರಾದ ಒಳಗಣ್ಣಿಗೆ ಈ ಕಿರಣವನ್ನು ಕಾಣುವ ಶಕ್ತಿ ಸಹಜವಾಗಿಯೇ ಇದೆ; ತಯಾರಕರು ಅದರ ಮುಂದೆ ತಡೆಗಾಜನ್ನು ಇಟ್ಟಿರುತ್ತಾರೆ, ಅಷ್ಟೆ. ಆ ಗಾಜನ್ನು ತೆಗೆದು ಅಗ್ಗದ ಅವಗೆಂಪು ಎಲ್‌ಇಡಿ ದೀಪಗಳನ್ನು ಜೋಡಿಸಿದರೆ ಸಾಧನದ ಮೂಲರೂಪ ಸಿದ್ಧವಾಗುತ್ತದೆ. ಚರ್ಮಕ್ಕೆ ಸಮೀಪವಿರುವ ನಾಳಗಳಷ್ಟೇ ಇದಕ್ಕೆ ಕಾಣುತ್ತವೆ. ಆದುದರಿಂದ ಅನುಭವಿ ದಾದಿಯ ಬೆರಳಿನ ಸ್ಪರ್ಶಜ್ಞಾನಕ್ಕೆ ಇದು ಪೂರಕವೇ ಹೊರತು ಬದಲಿಯಲ್ಲ.

ಮನೆಮನೆಗೆ ಬಂದ ಆಕ್ಸಿಮೀಟರ್

ಕೋವಿಡ್ ಕಾಲದಲ್ಲಿ ನಮ್ಮ ಮನೆಗಳಿಗೆ ಬಂದ ಪಲ್ಸ್ ಆಕ್ಸಿಮೀಟರ್ ಇದೇ ಕುಟುಂಬಕ್ಕೆ ಸೇರಿದ್ದು. 1970ರ ದಶಕದಲ್ಲಿ ಜಪಾನಿನ ತಕುವೊ ಅಯೊಯಾಗಿ ಇದರ ತತ್ತ್ವವನ್ನು ರೂಪಿಸಿದರು. ಬೆರಳಿನ ಮೂಲಕ 660 ನ್ಯಾನೋಮೀಟರಿನ ಕೆಂಪು ಮತ್ತು 940 ನ್ಯಾನೋಮೀಟರಿನ ಅವಗೆಂಪು ಬೆಳಕನ್ನು ಹಾಯಿಸಲಾಗುತ್ತದೆ. ಆಮ್ಲಜನಕ ತುಂಬಿದ ರಕ್ತವು ಅವಗೆಂಪನ್ನು ಹೆಚ್ಚು ಹೀರಿದರೆ, ಆಮ್ಲಜನಕವಿಲ್ಲದ ರಕ್ತವು ಕೆಂಪನ್ನು ಹೆಚ್ಚು ಹೀರುತ್ತದೆ. ನಾಡಿಬಡಿತದೊಂದಿಗೆ ಏರಿಳಿಯುವ ಈ ಎರಡರ ಅನುಪಾತದಿಂದ ಅಂಕಿಯು ದೊರೆಯುತ್ತದೆ.

ಆರೋಗ್ಯವಂತರಲ್ಲಿ ಈ ಅಂಕಿ ಸಾಮಾನ್ಯವಾಗಿ 95ರಿಂದ 100ರವರೆಗೆ ಇರುತ್ತದೆ. ಆದರೆ ಅಂಕಿಯನ್ನು ಕುರುಡಾಗಿ ನಂಬುವಂತಿಲ್ಲ. ಅಮೆರಿಕದಲ್ಲಿ 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಆಕ್ಸಿಮೀಟರ್ 92ರಿಂದ 96 ತೋರಿಸುತ್ತಿದ್ದಾಗಲೂ ಕಪ್ಪುವರ್ಣೀಯರ ಪೈಕಿ ಶೇ. 11.7ರಷ್ಟು ಅಳತೆಗಳಲ್ಲಿ ರಕ್ತದ ನಿಜವಾದ ಆಮ್ಲಜನಕ 88ಕ್ಕಿಂತ ಕೆಳಗಿತ್ತು. ಬಿಳಿಯರಲ್ಲಿ ಇದು ಶೇ. 3.6 ಮಾತ್ರ. ಚರ್ಮದ ಬಣ್ಣಕ್ಕೆ ಕಾರಣವಾದ ಮೆಲನಿನ್ ಸಹ ಬೆಳಕನ್ನು ಹೀರುತ್ತದೆ. ಕಂದು, ಕಪ್ಪು ಮೈಬಣ್ಣದವರು ಬಹಳಷ್ಟಿರುವ ನಮ್ಮ ನಾಡಿಗೂ ಇದು ಎಚ್ಚರಿಕೆಯ ಮಾತು.

ಗಮನಿಸಬೇಕಾದ ಅಂಶಗಳು

• ಉಗುರುಬಣ್ಣವನ್ನು ಅಳಿಸಿ, ಮದರಂಗಿ ಇಲ್ಲದ ಬೆರಳನ್ನು ಆರಿಸಿಕೊಳ್ಳಬೇಕು.
• ತಣ್ಣಗಿರುವ ಕೈಯನ್ನು ಬೆಚ್ಚಗೆ ಮಾಡಿಕೊಂಡು, ಅಲುಗಾಡದೆ ಕುಳಿತು, ಅಂಕಿ ಸ್ಥಿರವಾಗುವವರೆಗೆ ಕಾಯಬೇಕು.
• ಮುಚ್ಚಿದ ಕೋಣೆಯಲ್ಲಿ ಇದ್ದಿಲು ಅಥವಾ ಜನರೇಟರಿನ ಹೊಗೆ ಸೇವಿಸಿದವರಲ್ಲಿ ಈ ಸಾಧನವು ಅಪಾಯವನ್ನು ಮರೆಮಾಚಿ ಸರಿಯಾದ ಅಂಕಿಯನ್ನೇ ತೋರಿಸಬಹುದು.
• ಅಂಕಿ 94ಕ್ಕಿಂತ ಕೆಳಗಿಳಿದರೆ ವೈದ್ಯರನ್ನು ಕಾಣಬೇಕು. ಉಸಿರುಗಟ್ಟುವಿಕೆ, ತುಟಿ ನೀಲಿಗಟ್ಟುವುದು, ಮಂಕುಕವಿಯುವುದು ಕಂಡರೆ ಅಂಕಿ ಎಷ್ಟೇ ಇರಲಿ, ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು.

ಕಾಯ ನೆಟ್ಟಗಿದ್ದರೆ ತಾನೇ ಕಾಯಕ ಸಾಗುವುದು? ಅಲ್ಪಬೆಲೆಯ ಸಾಧನಗಳು ಹಿಂದೆ ದೊಡ್ಡ ಆಸ್ಪತ್ರೆಗಳಲ್ಲಿ ಮಾತ್ರವಿದ್ದ ತಿಳಿವನ್ನು ಹಳ್ಳಿಯ ಬಡವರ ಮನೆಗೂ ತಂದಿವೆ. ಉಳ್ಳವರು ಇಂತಹದೊಂದು ಸಾಧನವನ್ನು ಕೊಂಡು ನೆರೆಹೊರೆಯವರ ಬಳಕೆಗೂ ಒದಗಿಸಿದರೆ ಅದೂ ದಾಸೋಹವೇ. ಸಾಧನದ ಜೊತೆಗೆ ಅದನ್ನು ಬಳಸುವ ಅರಿವನ್ನೂ ನಾವು ಹಂಚೋಣ.