ಕರಿ ಒಂದಕ್ಕೆ ಯಾವ ಮೌತ್ ಆರ್ಗನ್?

ರೋಣ, ನರಗುಂದ, ಗಜೇಂದ್ರಗಡದ ಕಡೆ ಹಾಡಲು ಕುಳಿತವರು ಹಾರ್ಮೋನಿಯಂನವರ ಕಡೆ ತಿರುಗಿ ‘ಕರಿ ಒಂದು’ ಅನ್ನುತ್ತಾರೆ, ಇಲ್ಲವೇ ‘ಬಿಳಿ ನಾಲ್ಕು’ ಅನ್ನುತ್ತಾರೆ. ತಮ್ಮ ಷಡ್ಜ ಯಾವ ಮನೆಯಲ್ಲಿದೆ ಎಂದು ಹೇಳಲು ಅಷ್ಟು ಸಾಕು. ಪಾಶ್ಚಾತ್ಯರ ಲೆಕ್ಕದಲ್ಲಿ ಬಿಳಿ ಒಂದು ಎಂದರೆ ಸಿ, ಕರಿ ಒಂದು ಸಿ ಶಾರ್ಪ್, ಬಿಳಿ ನಾಲ್ಕು ಎಫ್. ಭೀಮಸೇನ ಜೋಶಿ 1922ರಲ್ಲಿ ಹುಟ್ಟಿದ್ದು ಇದೇ ರೋಣದಲ್ಲಿ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಎಷ್ಟೋ ಮಕ್ಕಳ ಕೈಗೆ ಹಾರ್ಮೋನಿಯಂ, ತಬಲಾ ಕೊಟ್ಟು ಕಲಿಸಿದರು. ಷಡ್ಜ ಹಿಡಿಯುವ ವಿದ್ಯೆ ಈ ಸೀಮೆಗೆ ಹೊಸದಲ್ಲ. ತೊಡಕು ಬರುವುದು ರಸಮಂಜರಿ ತಂಡದ ಜೊತೆ ನುಡಿಸಲು ಯಾರಾದರೂ ಜೇಬಿನಲ್ಲಿ ಮೌತ್ ಆರ್ಗನ್ ಇಟ್ಟುಕೊಂಡು ವೇದಿಕೆ ಹತ್ತಿದಾಗ.

ಹಾರ್ಮೋನಿಯಂ ಮತ್ತು ಮೌತ್ ಆರ್ಗನ್ ಎರಡರ ಒಳಗೂ ಇರುವುದು ಒಂದೇ ಬಗೆಯ ರೀಡು. ಹಿತ್ತಾಳೆಯ ತೆಳು ನಾಲಿಗೆಯ ಒಂದು ತುದಿಯನ್ನು ಬಿಗಿದಿರುತ್ತಾರೆ, ಇನ್ನೊಂದು ತುದಿ ಸೀಳಿನೊಳಗೆ ಅತ್ತಿತ್ತ ಕಂಪಿಸುತ್ತದೆ. ಅದರ ಉದ್ದ, ದಪ್ಪಗಳೇ ಸ್ವರವನ್ನು ನಿರ್ಧರಿಸುತ್ತವೆ. ತುದಿಯನ್ನು ತುಸು ಅರದಿಂದ ಕೆರೆದರೆ ಭಾರ ಕಡಿಮೆಯಾಗಿ ಸ್ವರ ಏರುತ್ತದೆ, ಬುಡವನ್ನು ಕೆರೆದರೆ ಬಿಗಿ ಸಡಿಲಾಗಿ ಇಳಿಯುತ್ತದೆ. ರಿಪೇರಿ ಮಾಡುವವರ ಕೈಚಳಕವೆಲ್ಲ ಈ ಕೆರೆತದಲ್ಲೇ ಇದೆ. ಆದರೆ ಹಾರ್ಮೋನಿಯಂನಲ್ಲಿ ಸಪ್ತಕಕ್ಕೆ ಹನ್ನೆರಡು ಸ್ವರಗಳು ಸಿದ್ಧವಾಗಿರುತ್ತವೆ, ಹಾಡುವವರು ಎಲ್ಲಿ ಷಡ್ಜ ಕೇಳಿದರೂ ಬೆರಳು ಅಲ್ಲಿಗೆ ಸರಿಯುತ್ತದೆ. ಹತ್ತು ರಂಧ್ರದ ಮೌತ್ ಆರ್ಗನ್‌ನಲ್ಲಿ ರೀಡುಗಳು ಇಪ್ಪತ್ತಿದ್ದರೂ ಅವೆಲ್ಲ ಒಂದೇ ಕೀಯ ಏಳು ಸ್ವರಗಳಿಗೆ ಸೇರಿದವು. ಸಿ ಮೌತ್ ಆರ್ಗನ್ ಎಂದರೆ ಬಿಳಿ ಮನೆಗಳಷ್ಟೇ ಇದ್ದು ಕರಿ ಮನೆಗಳೇ ಇಲ್ಲದ ಹಾರ್ಮೋನಿಯಂ.

ಕರಿ ಒಂದರ ಹಾಡಿಗೆ ಅದನ್ನು ಊದಿದರೆ ಏನಾಗುತ್ತದೆ ನೋಡಿ. ಹಾಡುವವರ ಷಡ್ಜ ಸೆಕೆಂಡಿಗೆ ಸುಮಾರು 277 ಕಂಪನ, ವಾದ್ಯದ್ದು 262. ಎರಡು ಅಲೆಗಳು ಒಂದರ ಮೇಲೊಂದು ಬಿದ್ದು, ವ್ಯತ್ಯಾಸ ಎಷ್ಟಿದೆಯೋ ಅಷ್ಟು ಸಲ, ಅಂದರೆ ಸೆಕೆಂಡಿಗೆ ಹದಿನೈದು ಸಲ, ಸದ್ದು ಏರಿಳಿಯುತ್ತದೆ. ಎರಡು ಮೂರು ಸಲದ ಏರಿಳಿತವನ್ನು ಕಿವಿ ಅಲೆಯೆಂದು ಸಹಿಸಿಕೊಳ್ಳುತ್ತದೆ. ಹದಿನೈದಾದರೆ ಅದು ಬರೀ ಕರ್ಕಶ.

ಹಾಗಾದರೆ ಕರಿ ಒಂದಕ್ಕೆ ಸಿ ಶಾರ್ಪ್‌ನದೇ ತರಬೇಕೇ? ಶುದ್ಧ ಸ್ವರಗಳ, ಬಿಲಾವಲ್ ಥಾಟಿನ ಹಾಡಾದರೆ ಹೌದು. ಎಲ್ಲ ಹಾಡಿಗೂ ಅದೇ ಎಂದರೆ ನಾನು ಒಪ್ಪುವುದಿಲ್ಲ. ನಮ್ಮ ಸಂಗೀತದವರಿಗೆ ಮೂರ್ಛನೆ ಗೊತ್ತು: ಸ್ವರಗಳನ್ನು ಹಾಗೆಯೇ ಇಟ್ಟುಕೊಂಡು ಷಡ್ಜವನ್ನು ಮಾತ್ರ ಬೇರೆ ಸ್ವರಕ್ಕೆ ಸರಿಸಿದರೆ ಥಾಟೇ ಬದಲಾಗುತ್ತದೆ. ಬಿಲಾವಲ್‌ನ ಪಂಚಮವನ್ನು ಷಡ್ಜವೆಂದುಕೊಂಡರೆ ಕೋಮಲ ನಿಷಾದ ಬಂದು ಖಮಾಜ್ ಆಗುತ್ತದೆ. ರಿಷಭವನ್ನು ಹಿಡಿದರೆ ಗಾಂಧಾರ, ನಿಷಾದ ಎರಡೂ ಕೋಮಲವಾಗಿ ಕಾಫಿ. ಅಮೆರಿಕದ ಬ್ಲೂಸ್ ವಾದಕರು ಮೌತ್ ಆರ್ಗನ್ ಮೇಲೆ ಮಾಡಿದ್ದೂ ಇದನ್ನೇ. ತಂಡ ಜಿ ಕೀಯಲ್ಲಿ ನುಡಿಸುತ್ತಿದ್ದರೆ ಅವರು ಜೇಬಿನಿಂದ ತೆಗೆಯುವುದು ಸಿ.

ಲೆಕ್ಕ ನಮ್ಮ ಸ್ವರಗಳಲ್ಲೇ ಸುಲಭ. ಬಿಲಾವಲ್ ಹಾಡಿಗೆ ಹಾಡುವವರ ಷಡ್ಜದ ವಾದ್ಯ. ಖಮಾಜ್ ಛಾಯೆಯ ಹಾಡಿಗೆ ಅವರ ಶುದ್ಧ ಮಧ್ಯಮದ ವಾದ್ಯ. ಕಾಫಿಗೆ ಅವರ ಕೋಮಲ ನಿಷಾದದ ವಾದ್ಯ. ಕರಿ ಒಂದರವರಿಗೆ ಕ್ರಮವಾಗಿ ಸಿ ಶಾರ್ಪ್, ಎಫ್ ಶಾರ್ಪ್, ಬಿ.

ಈ ಮೂರರಲ್ಲಿ ಎರಡನೆಯದನ್ನು ನಾನು ಹೆಚ್ಚು ಮೆಚ್ಚುತ್ತೇನೆ. ಕಾರಣ ಖಮಾಜ್ ಒಂದೇ ಅಲ್ಲ. ಅಲ್ಲಿ ಷಡ್ಜ ಎರಡನೆಯ ರಂಧ್ರದಲ್ಲಿ, ಉಸಿರು ಎಳೆದಾಗ ಸಿಗುತ್ತದೆ. ಪ್ರತಿ ರಂಧ್ರದಲ್ಲೂ ಊದಿದರೆ ನುಡಿಯುವ ಒಂದು, ಎಳೆದರೆ ನುಡಿಯುವ ಒಂದು ರೀಡಿದೆ. ಎಳೆಯುತ್ತಲೇ ನಾಲಿಗೆಯನ್ನು ಹಿಂದಕ್ಕೆ ಸರಿಸಿ ಬಾಯೊಳಗಿನ ಪೊಳ್ಳನ್ನು ಹಿಗ್ಗಿಸಿದರೆ ಅದರ ಅನುರಣನ ಕೆಳಗಿಳಿಯುತ್ತದೆ. ಆಗ ಎರಡೂ ರೀಡುಗಳು ಒಟ್ಟಿಗೆ ಸ್ಪಂದಿಸಿ ಸ್ವರ ಬಾಗುತ್ತದೆ. ಮೂರನೆಯ ರಂಧ್ರದ ಶುದ್ಧ ಗಾಂಧಾರ ಹೀಗೆ ಬಾಗಿ ಕೋಮಲ ಗಾಂಧಾರಕ್ಕೆ, ಅಲ್ಲಿಂದ ರಿಷಭಕ್ಕೆ, ನಡುವೆ ಎಲ್ಲೂ ತುಂಡಾಗದೆ ಜಾರುತ್ತದೆ. ಇದು ಮೀಂಡ್. ಇದು ಬರುವುದಿಲ್ಲವೆಂಬ ಆಕ್ಷೇಪದ ಮೇಲೆಯೇ ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ದೂರವಿಟ್ಟಿತ್ತು. ಅದೇ ರೀಡಿನ ಮನೆತನದ ಅಂಗೈಯಗಲದ ವಾದ್ಯವೊಂದು ಬಾಯಿಯ ಆಕಾರದಿಂದಲೇ ಮೀಂಡ್ ತೆಗೆಯುತ್ತದೆ ಎನ್ನುವುದು ನನಗೆ ಇಂದಿಗೂ ಬೆರಗು.

ಊರ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಇಪ್ಪತ್ನಾಲ್ಕು ರಂಧ್ರದ ಟ್ರೆಮೊಲೊ ಈ ಕೆಲಸಕ್ಕೆ ಒದಗುವುದಿಲ್ಲ. ಅದರಲ್ಲಿ ರೀಡುಗಳು ಬೇರೆ ಬೇರೆ ಕೋಣೆಗಳಲ್ಲಿರುವುದರಿಂದ ಸ್ವರ ಬಾಗಿಸುವುದು ಕಷ್ಟ. ಒಂದೇ ಸ್ವರದ ಎರಡು ರೀಡುಗಳನ್ನು ಬೇಕೆಂತಲೇ ತುಸು ಹೆಚ್ಚುಕಡಿಮೆ ಮಾಡಿ ಆ ಅಲೆಯಂಥ ನಾದ ಬರಿಸಿರುತ್ತಾರೆ. ಮೇಲಾಗಿ ಅಗ್ಗದವು ಬಹುತೇಕ ಸಿ ಕೀಯವೇ.

ಕೊಳ್ಳುವ ಮುನ್ನ ಇನ್ನೊಂದು ಎಚ್ಚರ ಬೇಕು. ‘ಯಾವ ಮನೆ?’ ಎಂದು ಕೀಬೋರ್ಡಿನವರನ್ನು ಕೇಳಿದರೆ ‘ಬಿಳಿ ಒಂದು’ ಎಂಬ ಉತ್ತರ ಬರಬಹುದು. ಬೆರಳೂ ಅಲ್ಲೇ ಇರುತ್ತದೆ. ಆದರೆ ಟ್ರಾನ್ಸ್‌ಪೋಸ್ ಗುಂಡಿಯನ್ನು ಒಂದು ಮೆಟ್ಟಿಲು ಏರಿಸಿಟ್ಟಿದ್ದರೆ ಸ್ಪೀಕರಿನಿಂದ ಬರುವುದು ಕರಿ ಒಂದು. ಸ್ಕೇಲ್ ಚೇಂಜರ್ ಹಾರ್ಮೋನಿಯಂನಲ್ಲೂ ಹೀಗೇ, ಮನೆಗಳ ಸಾಲೇ ಪಕ್ಕಕ್ಕೆ ಸರಿದಿರುತ್ತದೆ. ಆದ್ದರಿಂದ ಬೆರಳು ನೋಡಬೇಡಿ, ಷಡ್ಜವನ್ನು ಒಮ್ಮೆ ಒತ್ತಿ ಹಿಡಿಯಲು ಹೇಳಿ, ಮೊಬೈಲಿನ ಟ್ಯೂನರ್ ಆ್ಯಪ್‌ನಲ್ಲಿ ಯಾವ ಅಕ್ಷರ ಬರುತ್ತದೋ ಅದನ್ನು ಬರೆದುಕೊಳ್ಳಿ. ಒಬ್ಬರೇ ಹಾಡುವ ತಂಡಕ್ಕೆ ಎರಡು ಮೌತ್ ಆರ್ಗನ್ ಸಾಕಾಗಬಹುದು. ಹೆಣ್ಣು, ಗಂಡು ಇಬ್ಬರೂ ಹಾಡುವ ತಂಡದಲ್ಲಿ ಇಬ್ಬರ ಷಡ್ಜವನ್ನೂ ಹೀಗೆ ಬೇರೆ ಬೇರೆಯಾಗಿ ಅಳೆದೇ ಅಂಗಡಿಗೆ ಹೋಗಬೇಕು.