ಮನೆ ನಂಬರ್ ಸರಿ, ಬೀದಿಯೇ ಬೇರೆ!

‘ಪರೀಕ್ಷೆ ಫೀಸು 300 ಡಾಲರ್’ ಎಂದು ಅಮ್ಮನಿಗೆ ಹೇಳುವ ಧೈರ್ಯ ಬರಲು ನನಗೆ ಒಂದು ವಾರ ಬೇಕಾಯಿತು. ತೆರಿಗೆಯೂ ಸೇರಿದರೆ 25 ಸಾವಿರ ರೂಪಾಯಿ ದಾಟುತ್ತದೆ. ಬ್ಲೌಸ್ ಹೊಲಿದು ಮನೆ ನಡೆಸುವ ಅಮ್ಮ ಅದು ಎಷ್ಟು ಬ್ಲೌಸಿನ ದುಡ್ಡು ಎಂದು ಲೆಕ್ಕ ಹಾಕಲಿಲ್ಲ. ನಾನು ಹಾಕಿದ್ದೆ. ‘ಪಾಸಾದ್ರೆ ಕೆಲಸ ಸಿಗುತ್ತಾ?’ ಎಂದಷ್ಟೇ ಕೇಳಿದಳು. ‘ಸಿಗುತ್ತೆ’ ಅಂದುಬಿಟ್ಟೆ. ಮರುದಿನವೇ ಸಂಘದಲ್ಲಿ ಸಾಲಕ್ಕೆ ಹೆಸರು ಬರೆಸಿ ಬಂದಳು.

ನಾನು ಹೇಳುತ್ತಿರುವುದು ಸಿಸಿಎನ್‌ಎ ಬಗ್ಗೆ. ಸಿಸ್ಕೊ ಕಂಪನಿ ನಡೆಸುವ, ಕಂಪ್ಯೂಟರ್ ನೆಟ್‌ವರ್ಕಿಂಗ್‌ನ ಆರಂಭಿಕ ಹಂತದ ಪರೀಕ್ಷೆ. 120 ನಿಮಿಷದ ಅವಧಿ. ಒಮ್ಮೆ ಉತ್ತರಿಸಿ ಮುಂದೆ ಹೋದರೆ ಹಿಂದಿನ ಪ್ರಶ್ನೆಗೆ ಮರಳುವಂತಿಲ್ಲ. ಫೇಲಾದರೆ ಐದು ದಿನ ಬಿಟ್ಟು ಮತ್ತೆ ಬರೆಯಬಹುದು. ಆದರೆ ಮತ್ತೆ ಅಷ್ಟೇ ಫೀಸು! ಪಾಸಾದರೆ ಪ್ರಮಾಣಪತ್ರಕ್ಕೆ ಮೂರು ವರ್ಷ ಆಯಸ್ಸು.

ಫೇಲಾಗುವಂತೆಯೇ ಇಲ್ಲ ಎಂಬ ಭಯ ನನ್ನನ್ನು ಅಡ್ಡದಾರಿಗೆ ಎಳೆಯಿತು. ‘ಅಸಲಿ ಪ್ರಶ್ನೆಗಳೇ ಇವೆ, ಬಾಯಿಪಾಠ ಮಾಡಿದರೆ ಸಾಕು’ ಎಂದು ಯಾರೋ ಮಾರುತ್ತಿದ್ದ ಪಿಡಿಎಫ್ ಒಂದನ್ನು ಹಾಸ್ಟೆಲ್‌ನ ನಾಲ್ವರು ಸೇರಿ ಕೊಂಡೆವು. ಪರೀಕ್ಷೆಯ ಪ್ರಶ್ನೆಗಳನ್ನು ಹೊರಗೆ ಹೇಳುವುದಿಲ್ಲ ಎಂದು ಬರೆಯುವವರೆಲ್ಲ ಮೊದಲೇ ಒಪ್ಪಿಕೊಳ್ಳಬೇಕು. ಅಂದರೆ ನಮ್ಮ ಕೈಲಿದ್ದದ್ದು ಕದ್ದ ಮಾಲು. ಗೊತ್ತಿದ್ದೂ ಓದಿದೆ. ಎರಡು ತಿಂಗಳಲ್ಲಿ ಒಎಸ್‌ಐ ಮಾದರಿಯ ಏಳು ಪದರಗಳು ಮಗ್ಗಿಯಂತೆ ಬಾಯಿಗೆ ಬಂದವು. ಪ್ರಶ್ನೆ ಪೂರ್ತಿ ಓದುವ ಮೊದಲೇ ‘ಉತ್ತರ ಬಿ’ ಎನ್ನುವಷ್ಟು ಪಳಗಿದ್ದೆ.

ಐದನೇ ಸೆಮಿಸ್ಟರ್ ರಜೆಗೆ ಹೊಸದುರ್ಗಕ್ಕೆ ಬಂದಾಗ ಮಾವನ ಜೆರಾಕ್ಸ್ ಅಂಗಡಿಗೆ ಹೋಗಿದ್ದೆ. ಅಂದು ಸ್ಕಾಲರ್‌ಶಿಪ್ ಅರ್ಜಿಗೆ ಕೊನೆಯ ದಿನ. ಪಿಯುಸಿ, ಡಿಗ್ರಿ ಹುಡುಗರು ಮೆಟ್ಟಿಲವರೆಗೂ ಸಾಲು ನಿಂತಿದ್ದರು. ಹಿಂದಿನ ಸಂಜೆಯಷ್ಟೇ ಹೊಸ ಇಂಟರ್‌ನೆಟ್ ಸಂಪರ್ಕ, ಹೊಸ ರೂಟರ್ ಬಂದಿತ್ತು. ಇಂಟರ್‌ನೆಟ್ ಓಡುತ್ತಿದೆ, ಪ್ರಿಂಟರ್ ದೀಪವೂ ಹಸಿರಾಗಿದೆ, ಪ್ರಿಂಟ್ ಮಾತ್ರ ಬರುತ್ತಿಲ್ಲ. ‘ನಮ್ ಹುಡುಗಿ ಇದನ್ನೇ ಓದ್ತಿರೋದು’ ಎಂದು ಮಾವ ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿ ನನಗೆ ಕುರ್ಚಿ ಬಿಟ್ಟುಕೊಟ್ಟರು.

ಕೇಬಲ್ ಕಿತ್ತು ಹಾಕಿದೆ. ಎಲ್ಲವನ್ನೂ ಆಫ್ ಮಾಡಿ ಆನ್ ಮಾಡಿದೆ. ಪ್ರಿಂಟರ್ ವಿಳಾಸಕ್ಕೆ ಪಿಂಗ್ ಕಳಿಸಿದೆ, ಉತ್ತರವಿಲ್ಲ. ಅಲ್ಲಿಗೆ ನನ್ನ ವಿದ್ಯೆ ಮುಗಿಯಿತು. ಎ, ಬಿ, ಸಿ, ಡಿ ಎಂಬ ನಾಲ್ಕು ಆಯ್ಕೆಗಳು ಪರದೆಯ ಮೇಲೆ ಇರಲಿಲ್ಲವಲ್ಲ! ಮುಕ್ಕಾಲು ಗಂಟೆಯ ಬಳಿಕ ಮಾವ ಕಂಪ್ಯೂಟರ್ ರಿಪೇರಿಯವರಿಗೆ ಫೋನ್ ಮಾಡಿದರು.

ಬಂದವರು ಪ್ರಿಂಟರ್‌ನ ಪುಟ್ಟ ಪರದೆ ನೋಡಿದರು. 192.168.0.50 ಎಂದಿತ್ತು. ಕಂಪ್ಯೂಟರ್‌ನಲ್ಲಿ ನೋಡಿದರೆ 192.168.1.12. ನಕ್ಕರು. ಹಳೆಯ ರೂಟರ್ ಇದ್ದಾಗ ಪ್ರಿಂಟರ್‌ಗೆ ಕೈಯಾರೆ ಕೊಟ್ಟಿದ್ದ ವಿಳಾಸ ಹಾಗೇ ಉಳಿದಿತ್ತು. ಹೊಸ ರೂಟರ್ ಮಾತ್ರ ಕಂಪ್ಯೂಟರ್‌ಗಳಿಗೆ ಬೇರೆ ಸರಣಿಯ ವಿಳಾಸ ಹಂಚಿತ್ತು. ‘ಮನೆ ನಂಬರ್ ಇದೆ ಕಣಮ್ಮ, ಬೀದಿ ಬೇರೆ ಆಗಿದೆ. ಪೋಸ್ಟ್‌ಮ್ಯಾನ್ ಎಲ್ಲಿ ಹುಡುಕ್ತಾನೆ?’ ಎಂದರು. ರೂಟರ್ ಬೇರೆ ಯಾರಿಗೂ ಹಂಚದ ಒಂದು ವಿಳಾಸ ಆರಿಸಿ ಪ್ರಿಂಟರ್‌ಗೆ 192.168.1.240 ಕೊಟ್ಟರು, ಕಂಪ್ಯೂಟರ್‌ಗೂ ಅದನ್ನು ತಿಳಿಸಿದರು. ಐದು ನಿಮಿಷ. ಪ್ರಿಂಟರ್ ಗುರ್ರೆಂದಿತು, ಸಾಲು ಸರಿಯಿತು. ಅವರು ಪಡೆದದ್ದು 300 ರೂಪಾಯಿ.

ನಾನು 300 ಡಾಲರ್ ಕಟ್ಟಿ ‘ಗೊತ್ತು’ ಎಂದು ಸಾಬೀತು ಮಾಡಹೊರಟಿದ್ದ ವಿಷಯ ಅದು. ಸಬ್‌ನೆಟ್ ಮಾಸ್ಕ್ 255.255.255.0 ಇದ್ದರೆ ಮೊದಲ ಮೂರು ಸಂಖ್ಯೆ ನೆಟ್‌ವರ್ಕ್‌ನದು, ಕೊನೆಯದು ಸಾಧನದ್ದು. ಇದರ ಮೇಲಿನ ಹತ್ತಾರು ಪ್ರಶ್ನೆಗಳಿಗೆ ಸರಿಯುತ್ತರ ಹೇಳಿದ್ದೆ. ಆದರೂ ಕಣ್ಣೆದುರಿಗಿದ್ದ 0 ಮತ್ತು 1ರ ವ್ಯತ್ಯಾಸ ನನಗೆ ಕಾಣಲಿಲ್ಲ.

ಆ ರಾತ್ರಿ ಪಿಡಿಎಫ್ ಅಳಿಸಿದೆ. ಹೊಸ ನೋಟ್‌ಬುಕ್ ತೆಗೆದು ಸಬ್‌ನೆಟ್ ಲೆಕ್ಕದಿಂದಲೇ ಶುರು ಮಾಡಿದೆ. 256 ವಿಳಾಸಗಳನ್ನು ನಾಲ್ಕು ಭಾಗ ಮಾಡಿದರೆ ತಲಾ 64. ಆದರೆ ಬಳಸಲು ಸಿಗುವುದು 62. ಮೊದಲನೆಯದು ನೆಟ್‌ವರ್ಕ್‌ನ ಹೆಸರಿಗೆ, ಕೊನೆಯದು ಎಲ್ಲರಿಗೂ ಒಟ್ಟಿಗೆ ಸುದ್ದಿ ಕಳಿಸುವುದಕ್ಕೆ. ಪ್ರತಿ ತುಂಡಿನಲ್ಲೂ ಎರಡು ಯಾಕೆ ಹೋಗಬೇಕು ಎಂದು ಗೊಣಗುತ್ತಿದ್ದಾಗ ಅಮ್ಮ ಪಕ್ಕದಲ್ಲೇ ಬಟ್ಟೆ ಕತ್ತರಿಸುತ್ತಿದ್ದಳು. ಪ್ರತಿ ತುಂಡಿಗೂ ಅಂಚಿನಲ್ಲಿ ಹೊಲಿಗೆಗೆಂದು ಒಂದಿಷ್ಟು ಬಟ್ಟೆ ಬಿಡುತ್ತಾಳೆ. ತುಂಡು ಹೆಚ್ಚಾದಷ್ಟೂ ಅಂಚಿಗೆ ಹೋಗುವ ಬಟ್ಟೆಯೂ ಹೆಚ್ಚು. ಆಮೇಲೆ ಆ ಲೆಕ್ಕ ಮರೆತಿಲ್ಲ.

ಸಿಸ್ಕೊದ ‘ಪ್ಯಾಕೆಟ್ ಟ್ರೇಸರ್’ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಒಂದು ರೂಪಾಯಿಯ ಕೇಬಲ್ ಕೊಳ್ಳದೆ ಅದರಲ್ಲಿ ಇಡೀ ನೆಟ್‌ವರ್ಕ್ ಕಟ್ಟಬಹುದು. ನಾನು ಮೊದಲು ಕಟ್ಟಿದ್ದು ಮಾವನ ಅಂಗಡಿಯನ್ನು. ಕಟ್ಟಿ, ಬೇಕೆಂದೇ ಕೆಡಿಸಿ, ಮತ್ತೆ ಸರಿಪಡಿಸುವುದೇ ಈಗ ನನ್ನ ಓದು. ಒಮ್ಮೆ ಮೂರು ಸ್ವಿಚ್‌ಗಳನ್ನು ಉಂಗುರದಂತೆ ಜೋಡಿಸಿದೆ. ಒಂದು ಕಡೆಯ ದೀಪ ಎಷ್ಟು ಹೊತ್ತಾದರೂ ಕೇಸರಿಯಾಗಿಯೇ ಉಳಿಯಿತು. ಏನೋ ಕೆಟ್ಟಿದೆ ಎಂದು ಒಂದು ಗಂಟೆ ಹೋರಾಡಿದೆ. ಕೆಟ್ಟಿರಲಿಲ್ಲ. ಸಂದೇಶಗಳು ಸುತ್ತಿನಲ್ಲಿ ಸಿಕ್ಕಿ ಕೊನೆಯಿಲ್ಲದೆ ತಿರುಗಬಾರದೆಂದು ಸ್ವಿಚ್‌ಗಳೇ ಒಂದು ದಾರಿ ಮುಚ್ಚಿದ್ದವು. ಸ್ಪ್ಯಾನಿಂಗ್ ಟ್ರೀ ಎಂದರೆ ಇದೇ. ಇದನ್ನೂ ಪಿಡಿಎಫ್‌ನಲ್ಲಿ ‘ಉತ್ತರ ಸಿ’ ಎಂದು ಓದಿದ್ದೆ!

ನನ್ನಂತೆ ತಯಾರಿ ನಡೆಸುತ್ತಿರುವವರಿಗೆ ಎರಡು ಮಾತು. ಪಠ್ಯಕ್ರಮದಲ್ಲಿ ಅತಿ ಹೆಚ್ಚು, ಅಂದರೆ ಶೇ 25ರಷ್ಟು ಪಾಲು ಐಪಿ ಸಂಪರ್ಕ ಮತ್ತು ರೂಟಿಂಗ್‌ನದು. ಸಮಯವನ್ನು ಅದಕ್ಕೆ ತಕ್ಕಂತೆ ಹಂಚಿಕೊಳ್ಳಿ. ದಿನಕ್ಕೆ ಐದೇ ಸಬ್‌ನೆಟ್ ಲೆಕ್ಕವಾದರೂ ಪೆನ್ನು ಹಿಡಿದು ಮಾಡಿ.

ಪರೀಕ್ಷೆಯನ್ನು ಆರನೇ ಸೆಮಿಸ್ಟರ್ ಮುಗಿಯುವವರೆಗೆ ಮುಂದೂಡಿದ್ದೇನೆ. ಅಮ್ಮನಿಗೂ ನಿಜ ಹೇಳಿದೆ. ‘ಪಾಸಾದ್ರೆ ಕೆಲಸ ಸಿಗುತ್ತೆ ಅಂದಿದ್ದು ತಪ್ಪು. ಇಂಟರ್‌ವ್ಯೂವರೆಗೆ ಕರೆದುಕೊಂಡು ಹೋಗಬಹುದು. ಅಲ್ಲಿ ನನಗೆ ಬಂದರೆ ಮಾತ್ರ ಕೆಲಸ.’ ಅವಳು ಹೊಲಿಗೆ ಯಂತ್ರ ನಿಲ್ಲಿಸಲಿಲ್ಲ. ‘ಟೈಲರಿಂಗ್ ಸರ್ಟಿಫಿಕೇಟ್ ನೋಡಿ ನನಗ್ಯಾರು ಬಟ್ಟೆ ಕೊಡ್ತಾರೆ? ಕಲ್ತ್ಕೊಂಡೇ ಬರಿ. ದುಡ್ಡು ಸಂಘದಲ್ಲೇ ಇರ್ಲಿ’ ಎಂದಳು.

ಕಳೆದ ವಾರ ಹಾಸ್ಟೆಲ್‌ಗೆ ಮಾವನ ಫೋನ್. ‘ಇಂಟರ್‌ನೆಟ್ ಹೋಗಿದೆ, ರಿಪೇರಿಯವ್ರನ್ನ ಕರೀಲಾ?’ ‘ಮೊದಲು ರೂಟರ್ ಹಿಂದಿನ ಕೇಬಲ್ ನೋಡಿ ಮಾವ’ ಎಂದೆ. ಕಸ ಗುಡಿಸುವಾಗ ಕಿತ್ತು ಬಂದಿತ್ತಂತೆ. ಏಳು ಪದರಗಳಲ್ಲಿ ಮೊದಲನೆಯದು ಅದೇ ತಾನೆ!